‘ತಪ್ಪಾಯ್ತು’ ಎನ್ನುವ ಮುನ್ನ

ಮಕ್ಕಳಿಗೆ ಮಾತು ಬರುವ ಹೊತ್ತಿಗೇ ನಾವು ಕಲಿಸುವ ಪದಗಳಲ್ಲಿ ‘ತಪ್ಪಾಯ್ತು’ ಒಂದು. ದೊಡ್ಡವರಿಗೆ ಕಾಲು ತಾಗಿದರೆ ತಪ್ಪಾಯ್ತು, ಲೋಟ ಕೈಜಾರಿದರೆ ತಪ್ಪಾಯ್ತು, ಅತ್ತೆ ಮುನಿಸಿಕೊಂಡರೆ ಕಾರಣ ತಿಳಿಯದಿದ್ದರೂ ತಪ್ಪಾಯ್ತು. ನಮ್ಮ ಚಿಕ್ಕಬಳ್ಳಾಪುರದ ಕಡೆ ಮನೆಯೊಳಗೆ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಮೂರು ಭಾಷೆಯಲ್ಲೂ ಈ ಮಾತು ನಮಗೆ ಸರಾಗ. ಜಗಳ ಬೆಳೆಯದಿರಲಿ, ಎದುರಿನವರ ಕೋಪ ಇಳಿಯಲಿ ಎಂದು ಆಡುವ ಮಾತು ಅದು. ಅದರಲ್ಲಿ ವಿನಯವಿದೆ. ಆದರೆ ಅದು ಯಾವಾಗಲೂ ತಪ್ಪಿನ ಲೆಕ್ಕವಲ್ಲ.

ಈ ಮಾತಿಗೆ ಬೇರೆಯೇ ತೂಕ ಬರುವ ಜಾಗವೊಂದಿದೆ, ಸಹೋದರಿಯರೇ. ಅದು ಸೆಷನ್ಸ್ ನ್ಯಾಯಾಲಯ. ಕೊಲೆ ಆರೋಪ ಹೊತ್ತವನು ಅಲ್ಲಿ ನಿಂತು ‘ತಪ್ಪಾಯ್ತು ಸ್ವಾಮಿ’ ಎಂದರೆ ಕೋಪ ಇಳಿಯುವುದಿಲ್ಲ. ಮುಂದೆ ಹೈಕೋರ್ಟಿಗೆ ಹೋಗುವ ದಾರಿಯೂ ಬಹುಪಾಲು ಮುಚ್ಚಿಹೋಗಬಹುದು. ‘ನಮ್ಮ ಮನೆಗೆ ಇದರ ಗೊಡವೆ ಯಾಕೆ’ ಎಂದು ಪುಟ ತಿರುಗಿಸಬೇಡಿ. ಇಂಥ ಕಷ್ಟ ಬಂದ ಯಾವ ಮನೆಯೂ ಮೊದಲೇ ತಯಾರಾಗಿ ಕೂತಿರಲಿಲ್ಲ.

ನಾನು ವಕೀಲೆಯಲ್ಲ. ಕಾನೂನು ಸೇವಾ ಸಮಿತಿಯ ಅರೆ ಕಾನೂನು ಸ್ವಯಂಸೇವಕಿಯಾಗಿ ಶಿಡ್ಲಘಟ್ಟದ ರೀಲಿಂಗ್ ಮನೆಗಳ ಗಲ್ಲಿಗಳಲ್ಲಿ ಓಡಾಡಿದವಳು. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಹೆಂಗಸರು ಕೈ ಒರೆಸಿಕೊಂಡು ಬಂದು ಕಾಗದ ತೋರಿಸುತ್ತಾರೆ. ಚಿಂತಾಮಣಿಯಲ್ಲಿ, ಗೌರಿಬಿದನೂರಿನಲ್ಲಿ ಇರುವ ನಮ್ಮ ನೆಂಟರಿಷ್ಟರ ಮನೆಗೆ ಹೋದಾಗಲೂ ಹೀಗೇ. ಪಡಿತರ ಚೀಟಿ, ವಿಧವಾ ವೇತನ, ಜೀವನಾಂಶದ ಪ್ರಶ್ನೆಗಳ ನಡುವೆ ಒಮ್ಮೊಮ್ಮೆ ತಗ್ಗಿದ ದನಿಯಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. “ಆಪಾ, ಹುಡುಗ ಜಡ್ಜ್ ಸಾಹೇಬರ ಮುಂದೆ ಒಪ್ಕೊಂಡ್ಬಿಟ್ರೆ ಶಿಕ್ಷೆ ಕಡಿಮೆ ಮಾಡ್ತಾರಂತಲ್ಲ, ಹೌದಾ?”

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದವನು ಕೋರ್ಟಿಗೆ ಹೋಗಿ ಒಪ್ಪಿಕೊಂಡು ದಂಡ ಕಟ್ಟಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿರುತ್ತಾನೆ. ಇಸ್ಪೀಟು ಆಡಿ ಸಿಕ್ಕಿಬಿದ್ದವನೂ ಹಾಗೆಯೇ. ಲೋಕ ಅದಾಲತ್ತಿನ ದಿನ ಇಂಥ ಎಷ್ಟೋ ಸಣ್ಣ ಪ್ರಕರಣಗಳು ಒಂದೇ ಬೆಳಗಿನಲ್ಲಿ ಮುಗಿಯುತ್ತವೆ. ಅದನ್ನು ಕಂಡವರು ‘ಒಪ್ಪಿಕೊಂಡರೆ ಬೇಗ ಬಿಡುಗಡೆ’ ಎಂದು ನಂಬುತ್ತಾರೆ. ಸಣ್ಣ ಪ್ರಕರಣಕ್ಕೆ ಇದು ಸರಿಯಿರಬಹುದು. ಕೊಲೆ ಪ್ರಕರಣದಲ್ಲಿ ಇದೇ ನಂಬಿಕೆ ಮನೆ ಮುಳುಗಿಸುತ್ತದೆ.

ಆ ಒಂದು ಪ್ರಶ್ನೆ

ಕೊಲೆ ಪ್ರಕರಣ ಮೊದಲು ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ. ಅದನ್ನು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಅವರು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೆ ಮೊದಲು ಕೋಲಾರಕ್ಕೆ ಅಲೆದಾಡಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ.

ಸೆಷನ್ಸ್ ನ್ಯಾಯಾಲಯದಲ್ಲಿ ಒಂದು ದಿನ ನ್ಯಾಯಾಧೀಶರು ಆರೋಪವನ್ನು ಓದಿ, ವಿವರಿಸಿ ಹೇಳುತ್ತಾರೆ. ಬಳಿಕ ಒಂದೇ ಪ್ರಶ್ನೆ: ತಪ್ಪು ಒಪ್ಪುತ್ತೀರಾ, ಇಲ್ಲ ವಿಚಾರಣೆ ಆಗಬೇಕೇ? ಇದಕ್ಕೆ ಎರಡು ನಿಮಿಷ ಸಾಕು. ಮನೆಯವರು ಹೊರಗೆ ಜಾಲಿಯಲ್ಲಿ ನಿಂತಿರುತ್ತಾರೆ. ಒಳಗೆ ಏನಾಯಿತೆಂದು ಎಷ್ಟೋ ವೇಳೆ ಅವರಿಗೆ ತಿಳಿಯುವುದೂ ಇಲ್ಲ.

‘ವಿಚಾರಣೆ ಆಗಲಿ’ ಎಂದರೆ ಸಾಕ್ಷಿಗಳನ್ನು ಕರೆಯುತ್ತಾರೆ. ಆರೋಪಿ ಏನೂ ಹೇಳದೆ ಸುಮ್ಮನೆ ನಿಂತರೂ ವಿಚಾರಣೆಯೇ ನಡೆಯಬೇಕು. ‘ಒಪ್ಪುತ್ತೇನೆ’ ಎಂದರೆ ಮಾತ್ರ ನ್ಯಾಯಾಧೀಶರು ಅದನ್ನು ಬರೆದುಕೊಂಡು, ತಮ್ಮ ವಿವೇಚನೆಯಂತೆ, ಅದರ ಮೇಲೆಯೇ ಅಪರಾಧಿ ಎಂದು ತೀರ್ಪು ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 229ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ 252ನೇ ಕಲಮಿನಲ್ಲಿದೆ.

ಇಲ್ಲಿ ‘ವಿವೇಚನೆ’ ಎಂಬ ಪದ ಮುಖ್ಯ. ಒಪ್ಪಿಕೊಂಡ ಕೂಡಲೇ ಶಿಕ್ಷೆ ಕೊಡಲೇಬೇಕೆಂದಿಲ್ಲ. ಕೊಲೆಯಂಥ ಘೋರ ಆರೋಪದಲ್ಲಿ ಬರೀ ಬಾಯಿಮಾತಿನ ಮೇಲೆ ತೀರ್ಪು ಕೊಡದೆ ಸಾಕ್ಷ್ಯವನ್ನೂ ನೋಡುವುದು ಒಳ್ಳೆಯದೆಂದು ಉಚ್ಚ ನ್ಯಾಯಾಲಯಗಳು ಬಹುಕಾಲದಿಂದ ಹೇಳುತ್ತಾ ಬಂದಿವೆ. ಮುಂಬೈ ದಾಳಿಯ ಪ್ರಕರಣ ನಿಮಗೆ ನೆನಪಿರಬಹುದು. 2009ರ ಜುಲೈಯಲ್ಲಿ, ವಿಚಾರಣೆಯ ನಡುವೆಯೇ, ಕಸಬ್ ಎದ್ದುನಿಂತು ತಾನು ಒಪ್ಪಿಕೊಳ್ಳುತ್ತೇನೆ ಎಂದ. ದೇಶವೆಲ್ಲ ಅವನ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿತ್ತು. ಆದರೂ ನ್ಯಾಯಾಧೀಶರು ಆ ಮಾತನ್ನು ದಾಖಲಿಸಿಕೊಂಡು ವಿಚಾರಣೆಯನ್ನು ಮುಂದುವರಿಸಿದರು. ತೀರ್ಪು ಬಂದದ್ದು 2010ರ ಮೇ ತಿಂಗಳಲ್ಲಿ, ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿದ ಮೇಲೆ. ಅಂಥ ಪ್ರಕರಣದಲ್ಲೇ ಅಷ್ಟು ಎಚ್ಚರಿಕೆ ಇದ್ದರೆ ನಮ್ಮೂರಿನ ಹೆಸರಿಲ್ಲದ ಹುಡುಗನ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರಿಕೆ ಸಾಲದು.

ಒಪ್ಪಿಕೊಂಡರೆ ಏನಾಗುತ್ತದೆ?

ಈಗ ಲೆಕ್ಕ ಹಾಕೋಣ. ಸೆಷನ್ಸ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಅದರ ಮೇಲೆಯೇ ಅಪರಾಧಿ ಎನಿಸಿಕೊಂಡವನು ಮೇಲ್ಮನವಿಯಲ್ಲಿ ‘ನಾನು ಅಪರಾಧಿಯಲ್ಲ’ ಎಂದು ವಾದಿಸುವಂತಿಲ್ಲ. ಶಿಕ್ಷೆ ಹೆಚ್ಚಾಯಿತು, ಇಲ್ಲವೇ ಆ ಶಿಕ್ಷೆ ಕಾನೂನಿಗೆ ಸರಿಯಿಲ್ಲ ಎಂದು ಮಾತ್ರ ಕೇಳಬಹುದು. ಹಳೆಯ ಕಾನೂನಿನ 375ನೇ ಕಲಮು, ಹೊಸ ಸಂಹಿತೆಯ 416ನೇ ಕಲಮು ಹೇಳುವುದು ಇದನ್ನೇ.

ಕೊಲೆಗೆ ಶಿಕ್ಷೆ ಏನು? ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. ಭಾರತೀಯ ದಂಡ ಸಂಹಿತೆಯ 302ನೇ ಕಲಮಿನಲ್ಲೂ ಹೀಗೇ ಇತ್ತು, ಭಾರತೀಯ ನ್ಯಾಯ ಸಂಹಿತೆಯ 103ರಲ್ಲೂ ಹೀಗೇ ಇದೆ. ಜೀವಾವಧಿಗಿಂತ ಕೆಳಗಿನ ಮೆಟ್ಟಿಲು ಅಲ್ಲಿಲ್ಲ. ಅಂದಮೇಲೆ ಜೀವಾವಧಿ ಶಿಕ್ಷೆಯಾದವನು ‘ಕಡಿಮೆ ಮಾಡಿ’ ಎಂದು ಕೇಳಿದರೂ ಇಳಿಸಲು ಜಾಗವೇ ಇಲ್ಲ. ಒಪ್ಪಿಕೊಂಡದ್ದಕ್ಕೆ ಅವನಿಗೆ ಸಿಕ್ಕಿದ್ದೇನು? ಕಾನೂನಿನಲ್ಲಿರುವ ಕನಿಷ್ಠ ಶಿಕ್ಷೆ. ವಿಚಾರಣೆ ನಡೆಸಿ ಸೋತವನಿಗೂ ಸಾಮಾನ್ಯವಾಗಿ ಸಿಗುವುದು ಅದೇ. ಆದರೆ ಸೋತವನಿಗೆ ಮೇಲ್ಮನವಿಯ ಪೂರ್ತಿ ಹಕ್ಕು ಉಳಿದಿರುತ್ತದೆ. ಒಪ್ಪಿಕೊಂಡವನಿಗೆ ಅದು ಉಳಿದಿರುವುದಿಲ್ಲ.

‘ಜೀವಾವಧಿ ಎಂದರೆ ಹದಿನಾಲ್ಕು ವರ್ಷ ತಾನೇ’ ಎಂದು ಕೇಳುವವರಿದ್ದಾರೆ. ಅಲ್ಲ. ಕಾನೂನಿನ ಪ್ರಕಾರ ಜೀವಾವಧಿ ಎಂದರೆ ಜೀವ ಇರುವ ತನಕ. ಮರಣದಂಡನೆ ವಿಧಿಸಬಹುದಾದ ಅಪರಾಧಗಳಲ್ಲಿ ಹದಿನಾಲ್ಕು ವರ್ಷ ತುಂಬುವ ಮೊದಲು ಸರ್ಕಾರ ಬಿಡುಗಡೆ ಮಾಡುವಂತಿಲ್ಲ. ತುಂಬಿದ ಮೇಲೆ ಬಿಡಲೇಬೇಕೆಂದೂ ಇಲ್ಲ.

ಇನ್ನು ‘ರಾಜಿ’. ಅಮೆರಿಕದಲ್ಲಿ ಒಪ್ಪಿಕೊಂಡು ಶಿಕ್ಷೆ ತಗ್ಗಿಸಿಕೊಳ್ಳುವ ಚೌಕಾಶಿಯೇ ರೂಢಿ. ಅಲ್ಲಿನ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದ ಲೆಕ್ಕದಂತೆ ಫೆಡರಲ್ ನ್ಯಾಯಾಲಯಗಳಲ್ಲಿ ಶಿಕ್ಷೆಯಾದ ಪ್ರಕರಣಗಳಲ್ಲಿ ನೂರಕ್ಕೆ 97, ರಾಜ್ಯಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯಿಂದಲೇ ಮುಗಿದಿದ್ದವು. ನಮ್ಮಲ್ಲೂ 2006ರಿಂದ ಅಂಥ ಒಂದು ವ್ಯವಸ್ಥೆ ಇದೆ. ಆದರೆ ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ಅದು ಅನ್ವಯಿಸುವುದಿಲ್ಲ. ಕೊಲೆಗೆ ಚೌಕಾಶಿ ಇಲ್ಲ. ಎರಡೂ ಕಡೆಯ ಹಿರಿಯರು ಕೂತು ಹಣ ಕೊಟ್ಟು ತೆಗೆದುಕೊಂಡರೂ ಪ್ರಕರಣ ಮುಗಿಯುವುದಿಲ್ಲ. ‘ಒಪ್ಪಿಕೋ, ಕಡಿಮೆ ಮಾಡಿಸುತ್ತೇನೆ’ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಬೇಕಾದವರಾಗಿರಲಿ, ನಂಬಬೇಡಿ.

ಹಾಗಾದರೆ ಸುಳ್ಳು ಹೇಳಬೇಕೇ?

ಇದು ನಮ್ಮ ಮನೆಗಳ ನಿಜವಾದ ಪ್ರಶ್ನೆ. ಚಿಂತಾಮಣಿಯ ಕಡೆಯ ಒಬ್ಬ ತಾಯಿ ನನ್ನನ್ನು ನೇರವಾಗಿ ಕೇಳಿದ್ದರು: “ನಮಾಝ್ ಮಾಡೋ ಬಾಯಲ್ಲಿ ನಾನು ಮಾಡಿಲ್ಲ ಅಂತ ಹೇಳು ಅಂದರೆ ಹೇಗಮ್ಮಾ? ನಾಳೆ ಅಲ್ಲಾಹನ ಮುಂದೆ ನಾನೇನು ಉತ್ತರ ಕೊಡಲಿ?”

ಆ ತಾಯಿಯ ಭಯಕ್ಕೆ ನಾನು ತಲೆಬಾಗುತ್ತೇನೆ. ನ್ಯಾಯಕ್ಕಾಗಿ ನಿಲ್ಲಿರಿ, ನಿಮ್ಮ ವಿರುದ್ಧವೇ ಆದರೂ ಸತ್ಯಕ್ಕೆ ಸಾಕ್ಷಿಗಳಾಗಿರಿ ಎಂಬ ಆದೇಶ ಪವಿತ್ರ ಕುರ್‌ಆನ್‌ನಲ್ಲಿದೆ (4:135). ಒಂದು ಜೀವ ತೆಗೆಯುವುದು ಇಡೀ ಮಾನವ ಕುಲವನ್ನೇ ಕೊಂದಂತೆ ಎಂದು ತಿಳಿಸಿದ್ದೂ ಅದೇ ಗ್ರಂಥ (5:32). ಕೊಲೆಗಾರನನ್ನು ಬಚ್ಚಿಡುವುದಕ್ಕೆ ಈ ಬರಹವಲ್ಲ.

ಆದರೆ ಗಮನಿಸಿ. ‘ವಿಚಾರಣೆ ಆಗಲಿ’ ಎಂದರೆ ಸುಳ್ಳು ಹೇಳಿದಂತಲ್ಲ. ‘ನಾನು ಮಾಡಿಲ್ಲ’ ಎಂದು ಆಣೆ ಮಾಡು ಎಂದು ಕಾನೂನು ಯಾರನ್ನೂ ಕೇಳುವುದಿಲ್ಲ. ‘ಏನು ನಡೆಯಿತೆಂದು ಎಲ್ಲರ ಮುಂದೆ ಪರೀಕ್ಷೆಯಾಗಲಿ’ ಎಂದು ಕೇಳುವುದು ಸತ್ಯದಿಂದ ಓಡಿಹೋಗುವುದಲ್ಲ. ಸತ್ಯ ಪೂರ್ತಿಯಾಗಿ ಹೊರಬರಲಿ ಎಂದು ಕಾಯುವುದು.

ಇನ್ನೊಂದು ವಿಷಯ. ‘ನನ್ನ ಕೈಯಿಂದ ಸತ್ತ’ ಎನ್ನುವುದೂ ‘ನಾನು ಕೊಲೆ ಮಾಡಿದೆ’ ಎನ್ನುವುದೂ ಒಂದೇ ಅಲ್ಲ. ಬದುವಿನ ವಿಷಯಕ್ಕೋ ಬೋರ್‌ವೆಲ್ ನೀರಿಗೋ ದಾಯಾದಿಗಳ ನಡುವೆ ಜಗಳ ಹತ್ತಿ, ಕೈಗೆ ಸಿಕ್ಕಿದ ದೊಣ್ಣೆಯ ಒಂದೇ ಏಟಿಗೆ ಒಬ್ಬ ಬಿದ್ದ ಎಂದುಕೊಳ್ಳಿ. ಹೊಡೆದವನು ಹೊಡೆದದ್ದು ನಿಜ. ಆದರೆ ಅದು ಮೊದಲೇ ಯೋಚಿಸಿ ಮಾಡಿದ್ದೇ, ತಟ್ಟನೆ ಹತ್ತಿದ ಜಗಳವೇ, ತನ್ನ ಜೀವ ಉಳಿಸಿಕೊಳ್ಳಲು ಬೀಸಿದ್ದೇ? ಇದನ್ನು ನೋಡಿ ಕಾನೂನು ಕೊಲೆಯನ್ನೂ, ಕೊಲೆಯಲ್ಲದ ಮಾನವ ಹತ್ಯೆಯನ್ನೂ ಬೇರ್ಪಡಿಸುತ್ತದೆ. ಕೊಲೆಯಲ್ಲದ ಹತ್ಯೆಗೆ ಹತ್ತು ವರ್ಷದೊಳಗಿನ ಶಿಕ್ಷೆಗೂ ಅವಕಾಶವಿದೆ. ಕುರ್‌ಆನ್ ಕೂಡ ಕೈತಪ್ಪಿ ಆದ ಹತ್ಯೆಯನ್ನೂ ಉದ್ದೇಶಪೂರ್ವಕ ಹತ್ಯೆಯನ್ನೂ ಎರಡು ಬೇರೆ ವಚನಗಳಲ್ಲಿ, ಎರಡು ಬೇರೆ ವಿಧಿಗಳೊಂದಿಗೆ ಹೇಳಿದೆ (4:92, 93). ಈ ವ್ಯತ್ಯಾಸ ತಿಳಿಯುವುದು ಸಾಕ್ಷಿಗಳ ಮಾತಿನಿಂದ, ವೈದ್ಯರ ವರದಿಯಿಂದ, ಪಾಟೀ ಸವಾಲಿನಿಂದ. ‘ತಪ್ಪಾಯ್ತು’ ಎಂದು ತಲೆತಗ್ಗಿಸಿದ ಹುಡುಗ ಒಪ್ಪಿಕೊಂಡದ್ದು ಏಟನ್ನು. ದಾಖಲೆಯಲ್ಲಿ ಬರುವುದು ಕೊಲೆ. ತಾನು ಮಾಡದಷ್ಟು ದೊಡ್ಡ ತಪ್ಪನ್ನು ಒಪ್ಪಿಕೊಳ್ಳುವುದೂ ಸತ್ಯವಲ್ಲ, ಸಹೋದರಿ.

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ಮಾಇಝ್ ಬಿನ್ ಮಾಲಿಕ್(ರ) ಎಂಬ ಸಹಾಬಿ ತಾವಾಗಿಯೇ ಬಂದು ವ್ಯಭಿಚಾರವನ್ನು ಒಪ್ಪಿಕೊಂಡರು. ಪ್ರವಾದಿವರ್ಯರು(ಸ) ಮುಖ ತಿರುಗಿಸಿಕೊಂಡರು. ಮತ್ತೆ ಬಂದರು, ಮತ್ತೆ ಮುಖ ತಿರುಗಿಸಿದರು. ನಾಲ್ಕು ಬಾರಿ ಹೇಳಿದ ಮೇಲೂ ಅವರಿಗೆ ಬುದ್ಧಿಭ್ರಮಣೆ ಇದೆಯೇ ಎಂದು ವಿಚಾರಿಸಿದರು. ಆಡುತ್ತಿರುವ ಮಾತಿನ ಅರ್ಥ ಅವರಿಗೆ ಸರಿಯಾಗಿ ತಿಳಿದಿದೆಯೇ ಎಂದು ಕೇಳಿ ನೋಡಿದರು. ಅದು ಹದ್ದ್‌ಗೆ ಸೇರಿದ ವಿಷಯ, ಕೊಲೆಗೆ ಫಿಕ್ಹ್‌ನ ನಿಯಮಗಳು ಬೇರೆ. ಆದರೆ ಅದರಲ್ಲಿರುವ ಪಾಠ ಎಲ್ಲ ನ್ಯಾಯಪೀಠಗಳಿಗೂ ಒಂದೇ. ಒಬ್ಬ ತನ್ನ ವಿರುದ್ಧ ತಾನೇ ಹೇಳುವಾಗಲೂ ಅವಸರ ಬೇಡ, ಅವನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನೋಡಿ, ಅವನಿಗೆ ಅರ್ಥವಾಗಿದೆಯೇ ಎಂದು ಕೇಳಿ. ಬಲಾತ್ಕಾರದಿಂದ ಪಡೆದ ಒಪ್ಪಿಗೆಗೆ ಬೆಲೆಯಿಲ್ಲವೆಂಬುದೂ ಬಹುತೇಕ ಫಿಕ್ಹ್ ವಿದ್ವಾಂಸರ ಅಭಿಪ್ರಾಯ.

ಠಾಣೆಯ ಮಾತು, ಕೋರ್ಟಿನ ಮಾತು

‘ಠಾಣೆಯಲ್ಲಿ ಆಗಲೇ ಒಪ್ಪಿಕೊಂಡು ಸಹಿ ಹಾಕಿಬಿಟ್ಟಿದ್ದಾನೆ, ಇನ್ನೇನಿದೆ’ ಎಂದು ಮನೆಯವರು ಕೈಚೆಲ್ಲುವುದುಂಟು. ಇಲ್ಲಿ ಎರಡನ್ನು ಬೇರೆ ಮಾಡಿಕೊಳ್ಳಬೇಕು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಮಾನ್ಯ ಕಾನೂನಿನಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಅವನ ಮಾತಿನಿಂದ ಯಾವುದಾದರೂ ವಸ್ತು ಸಿಕ್ಕಿದರೆ ಅಷ್ಟರ ಮಟ್ಟಿಗೆ ಮಾತ್ರ ಅದು ಬರುತ್ತದೆ. ಠಾಣೆಯ ಸಹಿಗೆ ಹೆದರಿ ಕೋರ್ಟಿನಲ್ಲೂ ತಲೆಯಾಡಿಸುವ ಅಗತ್ಯವಿಲ್ಲ.

ಪೊಲೀಸರ ಮುಂದಿನ ಮಾತಿಗೆ ಬೆಲೆ ಕೊಟ್ಟ ಕಾನೂನೂ ಒಂದು ಕಾಲದಲ್ಲಿ ಇತ್ತು. ಅದು ಟಾಡಾ, 1995ರಲ್ಲಿ ಕೊನೆಗೊಂಡಿತು. ಅದರ ಬಿಸಿ ಉಂಡವರಲ್ಲಿ ನಮ್ಮ ಗುಲ್ಬರ್ಗಾದ, ಇಂದಿನ ಕಲಬುರಗಿಯ, ನಿಸಾರುದ್ದೀನ್ ಅಹ್ಮದ್ ಒಬ್ಬರು. 1994ರ ಜನವರಿಯಲ್ಲಿ ಪೊಲೀಸರು ಹಿಡಿದಾಗ ಅವರು ಫಾರ್ಮಸಿ ಓದುತ್ತಿದ್ದ ಹುಡುಗ. 1993ರ ಡಿಸೆಂಬರಿನ ರೈಲು ಸ್ಫೋಟಗಳ ಆರೋಪ, ಪೊಲೀಸರ ವಶದಲ್ಲಿದ್ದಾಗ ದಾಖಲಾದ ತಪ್ಪೊಪ್ಪಿಗೆಯೇ ಮುಖ್ಯ ಆಧಾರ. 2004ರಲ್ಲಿ ಅಜ್ಮೇರಿನ ಟಾಡಾ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅವರ ಅಣ್ಣನಿಗೂ ಅದೇ ಶಿಕ್ಷೆ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಿಸಾರುದ್ದೀನರನ್ನು ನಿರಪರಾಧಿ ಎಂದು ಬಿಟ್ಟಿತು. ಒಳಹೋದಾಗ ಇಪ್ಪತ್ತರ ಆಸುಪಾಸು, ಹೊರಬಂದಾಗ ನಲವತ್ತು ದಾಟಿತ್ತು. ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು. ಆ ತಾಯಿ ಎಷ್ಟು ರಂಝಾನ್‌ಗಳ ಇಫ್ತಾರಿಗೆ ಮಗನಿಲ್ಲದ ದಸ್ತರಖಾನ್ ಹಾಸಿರಬೇಕೆಂದು ಲೆಕ್ಕ ಹಾಕಿ ನೋಡಿ.

ಅವರು ಹೊರಬಂದದ್ದು ಮೇಲ್ಮನವಿಯ ಬಾಗಿಲು ತೆರೆದಿದ್ದರಿಂದ. ವಿಚಾರಣೆಯ ದಿನ ನ್ಯಾಯಾಧೀಶರ ಮುಂದೆಯೂ ಒಪ್ಪಿಕೊಂಡು ತಲೆತಗ್ಗಿಸಿದ್ದರೆ ಆ ಬಾಗಿಲು ಅಷ್ಟು ತೆರೆದಿರುತ್ತಿರಲಿಲ್ಲ.

ಇನ್ನೂ ಹತ್ತಿರದ ಮಾತು ಕೇಳಿ. ಕೊಡಗಿನ ಕುಶಾಲನಗರದ ಕಡೆಯ ಒಬ್ಬ ಬಡ ಆದಿವಾಸಿ ತನ್ನ ಹೆಂಡತಿ ಕಾಣೆಯಾದಳೆಂದು ದೂರು ಕೊಟ್ಟ. ಎಲ್ಲೋ ಸಿಕ್ಕಿದ ಅಸ್ಥಿಪಂಜರ ಅವಳದ್ದೇ ಎಂದು ಅವನ ಮೇಲೆಯೇ ಕೊಲೆ ಮೊಕದ್ದಮೆ ಬಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಮೈಸೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ, 2025ರ ಏಪ್ರಿಲ್‌ನಲ್ಲಿ, ಸತ್ತಳೆನ್ನಲಾದ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಕಣ್ಣಿಗೆ ಬಿದ್ದಳು. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಆದೇಶಿಸಿತು. ಯೋಚಿಸಿ, ಅವನೂ ಅಲೆದಾಟಕ್ಕೆ ಬೇಸತ್ತು ‘ತಪ್ಪಾಯ್ತು, ಮುಗಿಸಿಬಿಡಿ’ ಎಂದಿದ್ದರೆ? ಬದುಕಿರುವ ಹೆಂಡತಿಯನ್ನು ಕೊಂದವನೆಂದು ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ.

ಒಪ್ಪಿಕೊಂಡಾಗಿದೆ, ಶಿಕ್ಷೆಯೂ ಆಗಿದೆ. ಇನ್ನೇನು?

ನಿರಾಶರಾಗಬೇಡಿ. ಬಾಗಿಲು ಕಿರಿದಾಗಿದೆ, ಪೂರ್ತಿ ಮುಚ್ಚಿಲ್ಲ.

ಮೇಲ್ಮನವಿಗೆ ತಡೆ ಇರುವುದು ನಿಜವಾದ ತಪ್ಪೊಪ್ಪಿಗೆಗೆ. ಆರೋಪವೇ ಅರ್ಥವಾಗದೆ, ಭಾಷೆ ತಿಳಿಯದೆ, ಪರವಾಗಿ ವಕೀಲರಿಲ್ಲದೆ, ಯಾರೋ ಹೆದರಿಸಿದ್ದಕ್ಕೆ ಅಥವಾ ಆಸೆ ತೋರಿಸಿದ್ದಕ್ಕೆ ಒಪ್ಪಿಕೊಂಡಿದ್ದರೆ ಅದು ತಪ್ಪೊಪ್ಪಿಗೆಯೇ ಅಲ್ಲ ಎಂದು ಹೈಕೋರ್ಟಿನ ಮುಂದೆ ವಾದಿಸಬಹುದು. ಅವನು ಏನು ಹೇಳಿದನೋ ಅದು ಸಾಧ್ಯವಾದಷ್ಟು ಅವನ ಮಾತಿನಲ್ಲಿಯೇ ದಾಖಲಾಗಬೇಕು. ದಖನಿ ಮಾತ್ರ ಬಲ್ಲ ಹುಡುಗ ‘ಗಲ್ತೀ ಹೋಗಯೀ’ ಎಂದದ್ದನ್ನು ‘ಆರೋಪವನ್ನು ಒಪ್ಪಿದ್ದಾನೆ’ ಎಂದಷ್ಟೇ ಬರೆದಿದ್ದರೆ ಅದು ದೊಡ್ಡ ಅಂಶ. ‘ಹೊಡೆದೆ’ ಎಂದವನನ್ನು ‘ಕೊಂದೆ ಎಂದು ಒಪ್ಪಿದ’ ಎಂದು ಬರೆದಿದ್ದರೂ ಅಷ್ಟೇ. ಆಗ ಅವನ ಮನಸ್ಸು ಸ್ಥಿಮಿತದಲ್ಲಿರಲಿಲ್ಲ ಎಂದಾದರೆ ಹಳೆಯ ಆಸ್ಪತ್ರೆಯ ಚೀಟಿಗಳೂ ಉಪಯೋಗಕ್ಕೆ ಬರುತ್ತವೆ.

ಘಟನೆಯ ದಿನ ಅವನಿಗೆ ಹದಿನೆಂಟು ತುಂಬಿರಲಿಲ್ಲವೇ? ಹಾಗಾದರೆ ಅದನ್ನು ಯಾವ ಹಂತದಲ್ಲಾದರೂ, ತೀರ್ಪು ಅಂತಿಮವಾದ ಮೇಲೂ ಎತ್ತಬಹುದು. 2015ರ ಬಾಲನ್ಯಾಯ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ. ವಯಸ್ಸಿಗೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ದಾಖಲೆ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ರೀಲಿಂಗ್‌ಗೆ ಹೋದ ಮಗನ ಹೆಸರೂ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರಬಹುದು. ಹೋಗಿ ಕೇಳಿ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇಂಥ ಮೇಲ್ಮನವಿ ಗೆದ್ದರೆ ಸಾಮಾನ್ಯವಾಗಿ ಸಿಗುವುದು ಬಿಡುಗಡೆಯಲ್ಲ, ಮರು ವಿಚಾರಣೆ. ತಪ್ಪೊಪ್ಪಿಗೆಯನ್ನು ಬದಿಗಿಟ್ಟು ಸಾಕ್ಷಿಗಳನ್ನು ಕರೆದು ಮೊದಲಿನಿಂದ ನಡೆಸಿ ಎಂದು ಪ್ರಕರಣ ಕೆಳಗೆ ಬರುತ್ತದೆ. ನಾಳೆಯೇ ಮಗ ಮನೆಗೆ ಬರುತ್ತಾನೆಂದು ತಾಯಿಗೆ ಆಸೆ ಹುಟ್ಟಿಸಬೇಡಿ. ಆದರೆ ಅವನಿಗೆ ಸಿಗಬೇಕಿದ್ದ ವಿಚಾರಣೆ ಸಿಗುತ್ತದೆ. ಅದು ಸಣ್ಣದಲ್ಲ.

ಒಪ್ಪಿಕೊಂಡವರೂ ನಿರಪರಾಧಿಗಳಾಗಿರಬಹುದು ಎಂಬುದಕ್ಕೆ ದೂರದ ಇಂಗ್ಲೆಂಡು ಸಾಕ್ಷಿ. ಅಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ನೂರಾರು ಜನರ ಮೇಲೆ ಹಣ ಕದ್ದ, ಲೆಕ್ಕ ತಿದ್ದಿದ ಆರೋಪ ಬಂತು. ನಿಜವಾಗಿ ತಪ್ಪಿದ್ದು ಕಂಪ್ಯೂಟರ್ ಲೆಕ್ಕದಲ್ಲಿ. ಜೈಲಿಗೆ ಹೆದರಿ ಅವರಲ್ಲಿ ಅನೇಕರು ಮಾಡದ ತಪ್ಪನ್ನು ಒಪ್ಪಿಕೊಂಡಿದ್ದರು. 2021ರ ಏಪ್ರಿಲ್‌ನಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಜನರ ಶಿಕ್ಷೆಯನ್ನು ರದ್ದು ಮಾಡಿತು. ಒಪ್ಪಿಕೊಂಡಿದ್ದವರೂ ಅವರಲ್ಲಿದ್ದರು. ಓದು ಬರಹ ಬಲ್ಲವರೇ ಹೆದರಿ ಒಪ್ಪಿಕೊಂಡರೆಂದ ಮೇಲೆ ನಮ್ಮ ಹುಡುಗರ ಪಾಡೇನು?

ನೀವು ಮಾಡಬೇಕಾದದ್ದು

ಮೊದಲನೆಯದು, ದಿನಗಳ ಲೆಕ್ಕ. ಸೆಷನ್ಸ್ ನ್ಯಾಯಾಲಯ ಜೀವಾವಧಿ ವಿಧಿಸಿದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 60 ದಿನ. ಮರಣದಂಡನೆಯಾದರೆ 30 ದಿನ. ನಕಲು ಪಡೆಯಲು ಬೇಕಾದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ತಡವಾಗಿದ್ದರೂ ಬಿಡಬೇಡಿ, ಸರಿಯಾದ ಕಾರಣ ಕೊಟ್ಟರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಎರಡನೆಯದು, ಕಾಗದಗಳು. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ನಕಲನ್ನು ಉಚಿತವಾಗಿ ಕೊಡಬೇಕು. ಆರೋಪಪಟ್ಟಿಯ ನಕಲೂ ಆರೋಪಿಗೆ ಉಚಿತ. ಇವುಗಳ ಜೊತೆ, ಒಪ್ಪಿಗೆ ದಾಖಲಿಸಿದ ದಿನದ ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿ. ಆ ದಿನ ವಕೀಲರಿದ್ದರೇ, ಯಾವ ಭಾಷೆಯಲ್ಲಿ ವಿವರಿಸಿದರು, ಅವನು ಏನೆಂದ, ಇವೆಲ್ಲ ಅದರಿಂದ ತಿಳಿಯಬೇಕು. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಿಮ್ಮ ಟ್ರಂಕಿನಲ್ಲಿಡಿ. ಅಸಲನ್ನು ಯಾರ ಕೈಗೂ ಕೊಡಬೇಡಿ.

ಮೂರನೆಯದು, ವಕೀಲರು. ಹಣವಿಲ್ಲವೆಂದು ಒಡವೆ ಅಡವಿಡುವ ಮೊದಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ಮತ್ತು ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಇದು 1987ರ ಕಾಯ್ದೆಯ ಮಾತು. ಜಿಲ್ಲಾ ಪ್ರಾಧಿಕಾರ ಚಿಕ್ಕಬಳ್ಳಾಪುರದಲ್ಲಿದೆ, ತಾಲ್ಲೂಕು ಸಮಿತಿಗಳು ಆಯಾ ತಾಲ್ಲೂಕಿನ ಕೋರ್ಟಿನಲ್ಲಿ. ಹೈಕೋರ್ಟಿನ ಮೇಲ್ಮನವಿಗೆ ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವಾ ಸಮಿತಿ ವಕೀಲರನ್ನು ನೇಮಿಸುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಜೈಲಿನಲ್ಲಿರುವವನು ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು, ಅವರು ಅದನ್ನು ಮುಂದಕ್ಕೆ ಕಳಿಸಲೇಬೇಕು. 1978ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು, ಎಂ.ಎಚ್. ಹೊಸ್ಕೋಟ್ ಪ್ರಕರಣದಲ್ಲಿ, ಬಡ ಕೈದಿಗೆ ತೀರ್ಪಿನ ನಕಲೂ ಮೇಲ್ಮನವಿಗೆ ಉಚಿತ ವಕೀಲರೂ ಸಿಗಬೇಕೆಂದು ಹೇಳಿತ್ತು.

ನಾಲ್ಕನೆಯದು, ಭೇಟಿ. ಅವಮಾನದಿಂದ ಜೈಲಿಗೆ ಹೋಗುವುದನ್ನೇ ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಹೋಗಿ. ಅವನಿಂದ ಒಂದೊಂದೇ ವಿಷಯ ಕೇಳಿ. ಆ ದಿನ ನಿನಗೆ ಏನು ಕೇಳಿದರು? ನೀನು ಏನು ಹೇಳಿದೆ? ಯಾರು ಹೇಳಿಕೊಟ್ಟರು? ಅವನಿಗೆ ನೆನಪಿರುವಾಗಲೇ ಬರೆದಿಡಿ. ವಕೀಲರು ಕೇಳುವ ಮೊದಲ ಪ್ರಶ್ನೆಗಳೂ ಇವೇ.

ಕೊನೆಯದಾಗಿ, ಇನ್ನೊಂದು ಮನೆಯ ಮಾತು. ಕೊಲೆಯಾದವನಿಗೂ ತಾಯಿ ಇದ್ದಾಳೆ, ಹೆಂಡತಿ ಮಕ್ಕಳಿದ್ದಾರೆ. ಆ ಮನೆಯವರು ಇದನ್ನೆಲ್ಲ ಓದಿ ‘ನಮ್ಮ ಮಗನ ರಕ್ತಕ್ಕೆ ಬೆಲೆ ಇಲ್ಲವೇ’ ಎಂದು ಕೇಳಬಹುದು. ಇದೆ. ಅನ್ಯಾಯವಾಗಿ ಕೊಲ್ಲಲ್ಪಟ್ಟವನ ವಾರಸುದಾರರಿಗೆ ಅಲ್ಲಾಹನು ಹಕ್ಕು ಕೊಟ್ಟಿದ್ದಾನೆ, ಅದರಲ್ಲಿ ಮಿತಿ ಮೀರಬಾರದೆಂದೂ ಆದೇಶಿಸಿದ್ದಾನೆ (17:33). ಅವರಿಗೂ ಪೂರ್ತಿ ಸತ್ಯ ಬೇಕು. ಎರಡು ನಿಮಿಷದ ಒಪ್ಪಿಗೆಯಲ್ಲಿ ಜೊತೆಗಿದ್ದ ಬೇರೆಯವರು ಬಚಾವಾಗಬಹುದು, ದೊಡ್ಡವರು ಮಾಡಿದ್ದನ್ನು ಬಡ ಹುಡುಗ ತಲೆಯ ಮೇಲೆ ಹೊತ್ತುಕೊಂಡಿರಬಹುದು. ವಿಚಾರಣೆ ನಡೆದರೆ ಸತ್ತವನ ಮನೆಯವರೂ ಸಾಕ್ಷಿ ಹೇಳಬಹುದು. ಆರೋಪಿ ಖುಲಾಸೆಯಾದರೆ ಅದರ ವಿರುದ್ಧ ಮೇಲ್ಮನವಿ ಹಾಕುವ ಹಕ್ಕೂ ಅವರಿಗಿದೆ. ಸಂತ್ರಸ್ತರ ಪರಿಹಾರಕ್ಕೂ ಅದೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆರೋಪಿಯ ತಾಯಿಗೂ ಸತ್ತವನ ತಾಯಿಗೂ ಆ ಬಾಗಿಲು ಒಂದೇ.

ಮಗನಿಗೆ ಸತ್ಯ ಹೇಳಲು ಕಲಿಸಿದ ತಾಯಂದಿರು ನೀವು. ಇದನ್ನೂ ಕಲಿಸಿ. ಮಾಡಿದ್ದನ್ನು ಮಾಡಿದಷ್ಟೇ ಹೇಳು, ಕೇಳಿದ್ದು ಅರ್ಥವಾಗದಿದ್ದರೆ ‘ಅರ್ಥವಾಗಲಿಲ್ಲ, ವಕೀಲರು ಬೇಕು’ ಎನ್ನು, ಯಾರೋ ಹೇಳಿಕೊಟ್ಟರೆಂದು ಮಾಡದ್ದನ್ನು ಒಪ್ಪಬೇಡ. ನಮ್ಮ ಮಕ್ಕಳು ಯಾರ ರಕ್ತಕ್ಕೂ ಕಾರಣರಾಗದಿರಲಿ. ಆರೋಪ ಬಂದರೆ ನ್ಯಾಯ ಪೂರ್ತಿಯಾಗಿ ನಡೆಯಲಿ. ಅಲ್ಲಾಹನು ಎರಡೂ ಮನೆಯ ತಾಯಂದಿರಿಗೆ ಸಬ್ರ್ ಕೊಡಲಿ, ಆಮೀನ್.